ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮಾಳಿಗೆ ಮನೆಗಳ ನವೀಕರಣ

ಮಾಳಿಗೆ ಮನೆ ಎಂಬುದು ಕಲ್ಲು ಅಥವಾ ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತೆಗಳು ಹಾಗೂ ಅವುಗಳ ಮೇಲೆ ಹರಡಿದ ಮಣ್ಣಿನ ಮಟ್ಟಸ ಚಾವಣಿಯನ್ನುಳ್ಳ ಸಾಂಪ್ರದಾಯಿಕ ವಾಸದ ಮನೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಹಳೆಯ ಊರುಗಳಲ್ಲಿ ಇಂತಹ ಮನೆಗಳು ಇಂದಿಗೂ ಉಳಿದಿವೆ. ರಾಜ್ಯದ ಬೇರೆ ಕೆಲವು ಭಾಗಗಳಲ್ಲಿ ಮಾಳಿಗೆ ಎಂದರೆ ಮೇಲಂತಸ್ತು. ಇಲ್ಲಿ ಆ ಪದಕ್ಕೆ ಮಣ್ಣು ಹೊದಿಸಿದ ಚಾವಣಿ ಎಂಬ ಅರ್ಥವೇ ರೂಢಿಯಲ್ಲಿದೆ. ಗಡಿಯಾಚೆಯ ರಾಯದುರ್ಗ ಸೀಮೆಯ ತೆಲುಗು ಭಾಷಿಕರು ಇದನ್ನು ಮಿದ್ದೆ ಎನ್ನುತ್ತಾರೆ. ಪಾಲಿನಲ್ಲಿ ಪಡೆದ ಅಥವಾ ಕ್ರಯಕ್ಕೆ ಕೊಂಡ ಹಳೆಯ ಮಾಳಿಗೆ ಮನೆಯನ್ನು ಕೆಡವದೆ ದುರಸ್ತಿ ಮಾಡಿ, ಇಂದಿನ ವಾಸಕ್ಕೆ ಅಳವಡಿಸಿಕೊಳ್ಳುವ ಕೆಲಸವನ್ನು ಇಲ್ಲಿ ನವೀಕರಣ ಎಂದು ಕರೆಯಲಾಗಿದೆ.

ಹಿನ್ನೆಲೆ

ಈ ಎರಡು ತಾಲ್ಲೂಕುಗಳು ಕರ್ನಾಟಕದ ಅತಿ ಕಡಿಮೆ ಮಳೆಯ ಪ್ರದೇಶಗಳಲ್ಲಿ ಸೇರಿವೆ. ವಾರ್ಷಿಕ ಮಳೆಯ ಸರಾಸರಿ 500 ಮಿ.ಮೀ. ಆಸುಪಾಸಿನಲ್ಲಿದ್ದು, ಅದರ ಹೆಚ್ಚಿನ ಪಾಲು ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಮಲೆನಾಡಿನಂತೆ ಇಳಿಜಾರು ಚಾವಣಿಯ ಅಗತ್ಯವಿಲ್ಲ. ಬೇಸಗೆಯ ಬಿಸಿಲನ್ನು ತಡೆಯುವ ದಪ್ಪನೆಯ ಹೊದಿಕೆಯೇ ಮುಖ್ಯ. ಬೆಣಚುಗಲ್ಲು ಈ ಸೀಮೆಯಲ್ಲಿ ಎಲ್ಲೆಡೆ ಸಿಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರು ನಡೆಸಿದ ಉತ್ಖನನದಲ್ಲಿ ಇದೇ ಕಲ್ಲಿನ ಚಪ್ಪಡಿಗಳಿಂದ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳು ದೊರೆತಿವೆ. ಸಿಕ್ಕ ಕಲ್ಲು, ಸಿಕ್ಕ ಮಣ್ಣು, ಸಿಕ್ಕ ಮರ ಎಂಬುದೇ ಮಾಳಿಗೆ ಮನೆಯ ಸೂತ್ರವಾಗಿದ್ದುದರಿಂದ ಅದನ್ನು ಕಟ್ಟಿದವರ ಹೆಸರುಗಳಾಗಲಿ ನಕ್ಷೆಗಳಾಗಲಿ ಸಾಮಾನ್ಯವಾಗಿ ಉಳಿದಿಲ್ಲ.

ರಚನೆ

ಬೀದಿಗೆ ಜಗಲಿ, ಅದನ್ನು ದಾಟಿದರೆ ಪಡಸಾಲೆ, ಬಳಿಕ ನಡುಮನೆ, ಅದರ ಒಂದು ಮಗ್ಗುಲಿಗೆ ದೇವರ ಮನೆ ಮತ್ತು ಅಡುಗೆ ಮನೆ, ಹಿಂದೆ ಬಚ್ಚಲು ಎಂಬುದು ಸಾಮಾನ್ಯ ವಿನ್ಯಾಸ. ಅನೇಕ ಮನೆಗಳಲ್ಲಿ ದನದ ಕೊಟ್ಟಿಗೆ ಮುಂಬಾಗಿಲ ಒಳಗೇ ಇದ್ದು, ಜನ ವಾಸಿಸುವ ನೆಲ ಅದಕ್ಕಿಂತ ಒಂದು ಮೆಟ್ಟಿಲು ಎತ್ತರದಲ್ಲಿರುತ್ತದೆ. ಕಿಟಕಿಗಳು ಕಡಿಮೆ, ಚಾವಣಿಯಲ್ಲಿ ಬಿಟ್ಟ ಬೆಳಕಿಂಡಿಯಿಂದ ಬೆಳಕು ಬರುತ್ತದೆ. ಮಳೆ ಬಂದಾಗ ಅದರ ಮೇಲೆ ಬಂಡೆ ಎಳೆದು ಮುಚ್ಚುವುದು ಮನೆಯ ಹುಡುಗರ ಕೆಲಸವಾಗಿತ್ತು.

ಚಾವಣಿಯ ಭಾರವನ್ನು ಹೊರುವುದು ಬಹುಮಟ್ಟಿಗೆ ಗೋಡೆಯಲ್ಲ, ಮರದ ಕಂಬಗಳು. ಕಂಬದ ತಲೆಯ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆಗಳು. ಕಮರ, ಬೇವು, ಜಾಲಿ ಇಲ್ಲಿನ ಮರಗಳು. ಅನುಕೂಲವಂತರ ಮನೆಗಳಲ್ಲಿ ತೇಗ, ಹೊನ್ನೆಗಳೂ ಕಾಣುತ್ತವೆ. ಜಂತೆಗಳ ಮೇಲೆ ಹಲಗೆ, ಸೀಳುಕಡ್ಡಿ ಅಥವಾ ಕಲ್ಲಿನ ಚಪ್ಪಡಿ ಹಾಸಿ, ಸೊಪ್ಪು ಹರಡಿ, ಮಣ್ಣು ತುಳಿದು ಗಟ್ಟಿ ಮಾಡಲಾಗುತ್ತದೆ. ಎಲ್ಲಕ್ಕಿಂತ ಮೇಲಿನ ಪದರ ಚೌಳು ಮಣ್ಣಿನದು. ಬೆಳೆಗೆ ಬಾರದ ಈ ಮಣ್ಣು ಮಾಳಿಗೆಗೆ ಶ್ರೇಷ್ಠ. ಅದರಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ತಗುಲಿದೊಡನೆ ಚದುರಿ ಸಂದುಗಳನ್ನು ತುಂಬಿಕೊಳ್ಳುತ್ತವೆ. ನೀರು ಕೆಳಗಿಳಿಯದೆ ಕಲ್ಲಿನ ದೋಣಿಯ ಮೂಲಕ ಬೀದಿಗೆ ಬೀಳುತ್ತದೆ. ಇಂತಹ ಮಣ್ಣಿನಲ್ಲಿ ಹುಲ್ಲು ಸುಲಭವಾಗಿ ಬೇರೂರುವುದಿಲ್ಲವೆಂಬುದು ಇನ್ನೊಂದು ಲಾಭ. ಬೇಸಗೆಯಲ್ಲಿ ಬಿರಿದ ಮಾಳಿಗೆಗೆ ಮುಂಗಾರಿಗೆ ಮುಂಚೆ ಹೊಸ ಚೌಳು ಹಾಕುವುದು ವರ್ಷದ ಕಟ್ಟಳೆ.

ನವೀಕರಣದ ಸಂದರ್ಭ

ಕೂಡುಕುಟುಂಬ ಒಡೆದು ಮನೆ ಪಾಲಾದಾಗ, ಅಥವಾ ಊರು ಬಿಟ್ಟವರ ಮನೆಯನ್ನು ಬೇರೊಬ್ಬರು ಕೊಂಡಾಗ ನವೀಕರಣದ ಪ್ರಶ್ನೆ ಏಳುತ್ತದೆ. ಕರ್ನಾಟಕದಲ್ಲಿ 1994ರಿಂದ, ದೇಶದಾದ್ಯಂತ 2005ರಿಂದ ಹಿಂದೂ ಕೂಡುಕುಟುಂಬದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಇರುವುದರಿಂದ, ಅವರನ್ನು ಬಿಟ್ಟು ಮಾಡಿಕೊಂಡ ಪಾಲುಪಟ್ಟಿಯನ್ನು ನಂಬಿ ದುರಸ್ತಿಗೆ ಹಣ ಹಾಕುವುದು ಅಪಾಯಕರ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತು ದಾಖಲೆ ಬೇಕು. ಚಳ್ಳಕೆರೆ ಪಟ್ಟಣದಲ್ಲಿ ನಗರಸಭೆಯ, ಮೊಳಕಾಲ್ಮೂರು ಹಾಗೂ ನಾಯಕನಹಟ್ಟಿಗಳಲ್ಲಿ ಪಟ್ಟಣ ಪಂಚಾಯಿತಿಯ ಖಾತೆ ಇರಬೇಕು.

ಕಾಗದಕ್ಕಿಂತ ಕಠಿಣವಾದ ಸಮಸ್ಯೆ ನಡುಗೋಡೆಯದು. ಹಳೆಯ ಬೀದಿಗಳಲ್ಲಿ ಅಕ್ಕಪಕ್ಕದ ಮನೆಗಳ ಜಂತೆಗಳು ಒಂದೇ ಗೋಡೆಯ ಮೇಲೆ ಎರಡೂ ಕಡೆಯಿಂದ ಬಂದು ಕೂತಿರುತ್ತವೆ; ಮಾಳಿಗೆಗಳು ಒಂದಕ್ಕೊಂದು ಕೂಡಿರುತ್ತವೆ. ಒಬ್ಬರು ತಮ್ಮ ಪಾಲನ್ನು ಕೆಡವಿದರೆ ಆ ಗೋಡೆಯ ಒಂದು ಮುಖ ಮಳೆಗೆ ಬಯಲಾಗಿ, ದಾಯಾದಿಯ ಚಾವಣಿ ಕುಸಿಯುವ ಸಂಭವವಿದೆ. ಕೆಡವುವ ಮೊದಲು ನೆರೆಯವರೊಡನೆ ಮಾತನಾಡಿ ಬರವಣಿಗೆ ಮಾಡಿಕೊಳ್ಳದಿರುವುದೇ ಅನೇಕ ವ್ಯಾಜ್ಯಗಳ ಮೂಲ.

ಚಾವಣಿಯ ದುರಸ್ತಿ

ನವೀಕರಣದ ತೀರ್ಮಾನಗಳಲ್ಲಿ ಚಾವಣಿಯದೇ ಮೊದಲನೆಯದು, ಉಳಿದವೆಲ್ಲ ಅದನ್ನು ಅವಲಂಬಿಸುತ್ತವೆ. ಹಳೆಯ ಪದರವನ್ನು ಕೆರೆದು ತೆಗೆಯದೆ ಪ್ರತಿವರ್ಷ ಹೊಸ ಮಣ್ಣು ಹಾಕುತ್ತ ಬಂದ ಮನೆಗಳಲ್ಲಿ ಮಾಳಿಗೆಯ ದಪ್ಪ ತಲೆಮಾರಿನಿಂದ ತಲೆಮಾರಿಗೆ ಏರಿರುತ್ತದೆ. ಒಂದಡಿ ದಪ್ಪದ ಒಣಮಣ್ಣು ಚದರಡಿಗೆ ಸುಮಾರು 45 ಕಿಲೋ ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ಐದು ಅಂಗುಲದ ಆರ್‌ಸಿಸಿ ಚಾವಣಿಯ ತೂಕ ಚದರಡಿಗೆ ಸುಮಾರು 30 ಕಿಲೋ ಮಾತ್ರ. ಆದ್ದರಿಂದ ಹಳೆಯ ಮನೆ ಕಾಂಕ್ರೀಟಿನ ಭಾರ ತಾಳದು ಎಂಬ ಸಾಮಾನ್ಯ ಮಾತು ಪೂರ್ತಿ ಸರಿಯಲ್ಲ. ತೊಂದರೆ ಇರುವುದು ಭಾರ ಎಲ್ಲಿಗೆ ಇಳಿಯುತ್ತದೆ ಎಂಬುದರಲ್ಲಿ. ವಿಶಾಲವಾದ ಹಾಲ್ ಬೇಕೆಂದು ನಡುಮನೆಯ ಕಂಬಗಳನ್ನು ಕಿತ್ತು ಹಳೆಯ ಗೋಡೆಯ ಮೇಲೆಯೇ ಆರ್‌ಸಿಸಿ ಹಾಕಿದಾಗ, ಅದುವರೆಗೆ ಕಂಬಗಳು ಹೊತ್ತಿದ್ದ ಭಾರವೆಲ್ಲ ಕೆಸರು ಮಣ್ಣಿನಲ್ಲಿ ಕಟ್ಟಿದ ಗೋಡೆಗೆ ಬೀಳುತ್ತದೆ. ಗೋಡೆ ಹೊಟ್ಟೆ ಬಿಡುವುದು, ಮೂಲೆಗಳಲ್ಲಿ ಸೀಳುವುದು ಇದರ ಫಲ. ಆರ್‌ಸಿಸಿ ಬೇಕೇಬೇಕೆಂದಿದ್ದರೆ ತಳಪಾಯದಿಂದ ಪ್ರತ್ಯೇಕ ಪಿಲ್ಲರ್‌ಗಳನ್ನು ಎಬ್ಬಿಸಬೇಕಾಗುತ್ತದೆ.

ಮಾಳಿಗೆಯನ್ನೇ ಉಳಿಸಿಕೊಳ್ಳುವವರು ಮಳೆಗಾಲಕ್ಕೆ ಬಹಳ ಮುಂಚೆ ಕೆಲಸ ಹಿಡಿಯಬೇಕು. ಮೊದಲು ತೊಲೆಗಳ ಅಡಿಗೆ ಊರೆ ಕೊಟ್ಟು, ಬಳಿಕ ಮಣ್ಣನ್ನು ತೆಳುಪದರಗಳಲ್ಲಿ ಎರಡು ಕಡೆಯಿಂದಲೂ ಸಮನಾಗಿ ಇಳಿಸಲಾಗುತ್ತದೆ; ಒಂದೆಡೆ ಗುಡ್ಡೆ ಹಾಕಿದರೆ ಜಂತೆ ಮುರಿಯುತ್ತದೆ. ಇಳಿಸಿದ ಚೌಳು ಮಣ್ಣನ್ನು ಹೊಲಕ್ಕೆ ಹಾಕಬಾರದು. ಬಿದ್ದ ಗೋಡೆಯ ಹಾಳುಮಣ್ಣಿನ ಮಾತು ಬೇರೆ, ಅದು ಗೊಬ್ಬರವೆಂದೇ ಹೊಲ ಸೇರುತ್ತಿತ್ತು. ಬರಿದಾದ ಜಂತೆಗಳನ್ನು ಒಂದೊಂದಾಗಿ ತಟ್ಟಿ, ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಬೇಕು. ಸೋರಿಕೆಯ ನೀರು ನಿಲ್ಲುವುದು, ಗೆದ್ದಲು ಹಿಡಿಯುವುದು ಗೋಡೆಯೊಳಗೆ ಹುದುಗಿದ ತುದಿಯಲ್ಲೇ ಹೆಚ್ಚು. ನಡುಭಾಗ ಗಟ್ಟಿಯಾಗಿ ಕಂಡ ಮಾತ್ರಕ್ಕೆ ನಂಬುವಂತಿಲ್ಲ. ತುದಿ ಮಾತ್ರ ಕೆಟ್ಟಿದ್ದರೆ ಅದನ್ನು ಕತ್ತರಿಸಿ, ಗೋಡೆಯ ಮಗ್ಗುಲಿಗೆ ಹೊಸ ಕಂಬ ಮತ್ತು ಅಡ್ಡತೊಲೆ ಕೊಟ್ಟು ಉಳಿಸಿಕೊಳ್ಳಬಹುದು. ಇತ್ತೀಚೆಗೆ ಮಣ್ಣಿನ ಪದರಗಳ ನಡುವೆ ಪ್ಲಾಸ್ಟಿಕ್ ತಾಡಪಾಲು ಹಾಸುವ ರೂಢಿ ಬಂದಿದೆ. ಮಾಳಿಗೆಯ ಮೇಲೆ ತಗಡು ಹೊದಿಸುವುದು ಅಗ್ಗದ ದಾರಿ. ಕೆಳಗೆ ಮಣ್ಣು ಉಳಿದಿರುವವರೆಗೆ ಸೆಕೆ ತೀರ ಹೆಚ್ಚದು, ಮಣ್ಣು ತೆಗೆದು ಬರಿಯ ತಗಡು ಹಾಕಿದ ಮನೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕೂರುವುದು ಕಷ್ಟ.

ಕಡಿಮೆ ಮಳೆಯ ಸೀಮೆಯೆಂಬ ಭರವಸೆ ಸದಾ ಉಳಿಯುವುದಿಲ್ಲ. 1933ರ ನಂತರ ಮೊದಲ ಬಾರಿಗೆ ವಾಣಿವಿಲಾಸ ಸಾಗರ ಕೋಡಿ ಹರಿದ 2022ರಂತಹ ವರ್ಷಗಳಲ್ಲಿ ಬಿಡುವಿಲ್ಲದ ಮಳೆಗೆ ಮಾಳಿಗೆ ಒಣಗಲು ಅವಕಾಶವೇ ಸಿಗುವುದಿಲ್ಲ. ಕೆಲವು ವರ್ಷ ಮಣ್ಣು ಹಾಕದೆ ಬೀಗ ಹಾಕಿಟ್ಟ ಮನೆಗಳಿಗೆ ಇಂತಹ ಮಳೆ ಹೆಚ್ಚು ಅಪಾಯಕಾರಿ.

ಗೋಡೆ, ನೆಲ ಮತ್ತು ಬಚ್ಚಲು

ಮಣ್ಣಿನ ಗಾರೆಯ ಗೋಡೆ ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿದರೆ ತೇವ ಒಳಗೇ ಉಳಿದು, ಉಪ್ಪು ಹೂವಿನಂತೆ ಅರಳಿ, ಗಿಲಾವು ಹಾಳೆಹಾಳೆಯಾಗಿ ಬೀಳುತ್ತದೆ. ಹೊಟ್ಟು, ಸಗಣಿ ಬೆರೆಸಿ ಕೊಳೆಹಾಕಿದ ಮಣ್ಣಿನ ಗಿಲಾವು ಅಥವಾ ಸುಣ್ಣದ ಗಾರೆ ಇಂತಹ ಗೋಡೆಗೆ ಒಗ್ಗುತ್ತದೆ. ಬಿದ್ದ ಒಳಗೋಡೆಯನ್ನು ಹೊಸದಾಗಿ ಕಟ್ಟುವವರಿಗೆ, ಮಣ್ಣಿಗೆ ಅಲ್ಪ ಸಿಮೆಂಟ್ ಬೆರೆಸಿ ಒತ್ತಿ ತಯಾರಿಸಿದ ಮಣ್ಣಿನ ಬ್ಲಾಕ್ ಒಂದು ಆಯ್ಕೆ. ಈ ತಂತ್ರದ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಘಟಕ ಬಹಳ ಕೆಲಸ ಮಾಡಿದೆ. ಅದೇ ಸಂಸ್ಥೆಯ ಎರಡನೆಯ ಆವರಣ ಈಗ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿದೆ.

ನೆಲಕ್ಕೆ ಕಡಪ ಕಲ್ಲು ಅಥವಾ ಟೈಲ್ಸ್ ಹಾಕುವ ಮುನ್ನ ಹಗೇವು ಇದೆಯೇ ಎಂದು ಹಿರಿಯರಲ್ಲಿ ವಿಚಾರಿಸುವುದು ಒಳ್ಳೆಯದು. ಧಾನ್ಯ ತುಂಬಿಡುತ್ತಿದ್ದ ಈ ನೆಲಗುಂಡಿಗಳ ಬಾಯಿ ಕಿರಿದು, ಒಡಲು ದೊಡ್ಡದು. ಸರಿಯಾಗಿ ತುಂಬದೆ ಮುಚ್ಚಿದರೆ ಮೇಲಿನ ನೆಲ ಕುಸಿಯುತ್ತದೆ.

ಕೊಟ್ಟಿಗೆಯ ಜಾಗವೇ ಈಗ ಹೆಚ್ಚಾಗಿ ಸ್ನಾನಗೃಹ ಮತ್ತು ಶೌಚಾಲಯವಾಗುತ್ತದೆ. ಮಣ್ಣಿನ ಮನೆಗೆ ಮೇಲಿನ ಮಳೆಗಿಂತಲೂ ಬುಡದಲ್ಲಿ ಹನಿಯುವ ನಲ್ಲಿಯ ನೀರು ಹೆಚ್ಚು ಕೇಡು ಮಾಡಬಲ್ಲದು. ಆದುದರಿಂದ ಕೊಳಾಯಿಯನ್ನು ಗೋಡೆಯೊಳಗೆ ಹುದುಗಿಸದೆ ಹೊರಮೈಯಲ್ಲೇ ಒಯ್ದು, ಶೌಚದ ಗುಂಡಿಯನ್ನು ಗೋಡೆಯಿಂದ ದೂರದಲ್ಲಿ ತೋಡಲಾಗುತ್ತದೆ.

ನೇಕಾರರ ಮನೆಗಳು

ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ನೇಯುವ ಮನೆಗಳಲ್ಲಿ ನವೀಕರಣ ಎಂದರೆ ಕಸುಬಿನ ಪ್ರಶ್ನೆಯೂ ಹೌದು. ಕುಳಿ ಮಗ್ಗದಲ್ಲಿ ನೇಕಾರರು ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಾರೆ. ಮಣ್ಣಿನ ನೆಲ, ಮಣ್ಣಿನ ಚಾವಣಿಗಳು ಕೋಣೆಯನ್ನು ತಂಪಾಗಿ ಇಡುತ್ತವೆ. ಗಾಳಿ ತೀರ ಒಣಗಿದರೆ ರೇಷ್ಮೆ ಎಳೆ ಕಡಿಯುತ್ತದೆ. ಹೊಸ ಚಾವಣಿಯನ್ನು ಎತ್ತರಿಸಿದರೆ ಮಗ್ಗದ ಮೇಲೆ ಕೂರುವ ಜಕಾರ್ಡ್‌ಗೆ ಅನುಕೂಲ, ಆದರೆ ಬಿಸಿಯೇರುವ ಕೋಣೆಯಲ್ಲಿ ದಿನವಿಡೀ ನೇಯಬೇಕಾಗುತ್ತದೆ. ಇದರಿಂದಾಗಿ ಮುಂದಿನ ಭಾಗಕ್ಕೆ ಆರ್‌ಸಿಸಿ ಹಾಕಿ, ಮಗ್ಗದ ಕೋಣೆಯನ್ನು ಹಿಂದಿನಂತೆಯೇ ಬಿಟ್ಟುಕೊಳ್ಳುವುದು ಅಂತಹವರಿಗೆ ಒಂದು ಮಧ್ಯಮಾರ್ಗ.

ಅಲಂಕಾರ

ಹಳೆಯ ಮನೆಗಳ ಅಲಂಕಾರ ಮಿತವಾದುದು. ಹಬ್ಬಕ್ಕೆ ಮುನ್ನ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ, ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ. ಸುಣ್ಣಕ್ಕೆ ಚೂರು ನೀಲಿ ಬೆರೆಸುವುದೂ ಉಂಟು. ಕೆತ್ತನೆಯೆಲ್ಲ ಮುಂಬಾಗಿಲು ಮತ್ತು ಬೋದಿಗೆಗಳಿಗೆ ಮೀಸಲು. ಕಂಬಗಳಿಗೆ ಬಳಿದ ಎಣ್ಣೆಬಣ್ಣವನ್ನು ಕೆರೆದು ಅಗಸೆ ಎಣ್ಣೆ ಹಚ್ಚಿದರೆ ಮರದ ಬಣ್ಣ ಮತ್ತೆ ಕಾಣುತ್ತದೆ. ಗೋಡೆಯ ಗೂಡುಗಳಲ್ಲಿ ಪುಸ್ತಕ, ದೀಪಗಳನ್ನು ಇಡಬಹುದು. ಬೆಳಕಿಂಡಿಗೆ ಗಾಜು ಕೂರಿಸಿದರೆ ಮಳೆಯಲ್ಲೂ ಬೆಳಕು ನಿಲ್ಲದು. ಹೊಸ ಕಿಟಕಿ ತೆರೆಯುವಲ್ಲಿ ಮೇಲ್ಗಲ್ಲನ್ನು ಮೊದಲು ಕೂರಿಸಿ, ಬಳಿಕ ಅಡಿಯ ಗೋಡೆಯನ್ನು ಒಡೆಯಬೇಕು.

ಹಳೆಯ ಬಾಗಿಲು, ಕಂಬಗಳನ್ನು ಕೊಂಡು ನಗರಗಳಿಗೆ ಸಾಗಿಸುವ ವ್ಯಾಪಾರಿಗಳಿದ್ದಾರೆ. ರೆಸಾರ್ಟುಗಳಲ್ಲಿ ಅವಕ್ಕೆ ಬೇಡಿಕೆ ಇದೆ. ಸೌದೆಯ ಬೆಲೆಗೆ ಕೊಟ್ಟ ಕಂಬಗಳ ಜಾಗಕ್ಕೆ ಅದೇ ಗಟ್ಟಿತನದ ಕಮರದ ಮರವನ್ನು ಇಂದು ಹುಡುಕಿ ತರುವುದು ಸುಲಭವಲ್ಲ.