ತೂಗಿದರೆ ತೂಕ

ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಗುರುತ್ವದ ಪಾಠ ಮುಗಿಯುವ ಹೊತ್ತಿಗೆ ಮಕ್ಕಳು ಮನೆಯ ದೊಡ್ಡವರ ತಪ್ಪು ಹಿಡಿಯಲು ಶುರುಮಾಡುತ್ತಾರೆ. ‘ಅಜ್ಜಿ, ನಿನ್ನ ತೂಕ 60 ಕೇಜಿ ಅಲ್ಲ, 588 ನ್ಯೂಟನ್. ಕೇಜಿಯಲ್ಲಿ ಹೇಳೋದು ದ್ರವ್ಯರಾಶಿ.’ ಅರವತ್ತೇ ಜಾಸ್ತಿಯಾಯಿತು ಅಂತ ಡಾಕ್ಟರು ಬೈದಿರುವಾಗ ಐನೂರ ಎಂಬತ್ತೆಂಟನ್ನು ಯಾವ ಅಜ್ಜಿ ತಾನೇ ಒಪ್ಪಿಯಾಳು?

ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಒಂದು ವಸ್ತುವಿನಲ್ಲಿ ದ್ರವ್ಯ ಎಷ್ಟಿದೆ ಎಂಬುದು ದ್ರವ್ಯರಾಶಿ. ಅದನ್ನು ಭೂಮಿ ಎಷ್ಟು ಬಲದಿಂದ ಎಳೆಯುತ್ತದೆ ಎಂಬುದು ತೂಕ. ನಮ್ಮ ನೆಲದಲ್ಲಿ ಒಂದೊಂದು ಕಿಲೋಗ್ರಾಂ ಮೇಲೂ ಸುಮಾರು 9.8 ನ್ಯೂಟನ್ ಎಳೆತ ಬೀಳುತ್ತದೆ. ಅಜ್ಜಿಯನ್ನು ಚಂದ್ರನ ಮೇಲೆ ಇಳಿಸಿದರೆ ಎಳೆತ ಸುಮಾರು 97 ನ್ಯೂಟನ್‌ಗೆ ಕುಸಿಯುತ್ತದೆ, ಅಜ್ಜಿ ಮಾತ್ರ ಆಗಲೂ 60 ಕೇಜಿಯ ಅಜ್ಜಿಯೇ. ಮಂಡಿನೋವು ಕಡಿಮೆಯಾದೀತು, ಸೊಂಟದ ಸುತ್ತಳತೆ ಒಂದಂಗುಲವೂ ಇಳಿಯದು.

ನನ್ನ ತಕರಾರು ಬೇರೆ. ಪಠ್ಯಪುಸ್ತಕ ಅಂಗಡಿಯಿಂದ ‘ತೂಕ’ವನ್ನು ಎತ್ತಿಕೊಂಡು ಹೋಯಿತು, ಅದನ್ನು ಹೆತ್ತ ‘ತೂಗು’ವನ್ನು ಅಲ್ಲೇ ಬಿಟ್ಟಿತು. ಚಲನೆಯ ಪಾಠದ ಅರ್ಧ ಭಾಗ ಆ ಕ್ರಿಯಾಪದದಲ್ಲೇ ಇತ್ತು.

ಕನ್ನಡದಲ್ಲಿ ಅಕ್ಕಿಯನ್ನು ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ಒಂದರಲ್ಲಿ ಭಾರ ನೋಡುವುದು, ಇನ್ನೊಂದರಲ್ಲಿ ಹಿಂದೆ ಮುಂದೆ ಆಡಿಸುವುದು. ಹಳಗನ್ನಡದಲ್ಲಿ ಇದು ತೂಂಗು. ತಮಿಳಿನಲ್ಲಿ ಈಗಲೂ ತೂಂಗು ಎಂಬ ರೂಪವೇ ಇದೆ, ಆದರೆ ಅಲ್ಲಿ ಅದು ನಿದ್ದೆ ಹೋಗಿಬಿಟ್ಟಿದೆ: ತೂಂಗು ಅಂದರೆ ಮಲಗಿ ನಿದ್ರಿಸು. ನಮ್ಮಲ್ಲಿ ಪೂರ್ತಿ ಮಲಗಲಿಲ್ಲ, ಕೂತಲ್ಲೇ ತಲೆ ವಾಲಿಸಿ ತೂಕಡಿಕೆಯಾಯಿತು. ಅದೇ ತಲೆ ಸಂಗೀತ ಕಛೇರಿಯಲ್ಲಿ ಆಡಿದರೆ ತಲೆದೂಗುವುದು. ತೂಗುಮಂಚ, ತೂಗುಸೇತುವೆ, ತೂಗುದೀಪ ಎಲ್ಲ ಒಂದೇ ವಂಶ. (ತೂಗುದೀಪ ಅಂದರೆ ನನ್ನ ತಲೆಮಾರಿನವರಿಗೆ ದೀಪಕ್ಕಿಂತ ಮೊದಲು ಶ್ರೀನಿವಾಸ್ ಅವರ ಖಳನಾಯಕನ ನಗು ನೆನಪಾಗುತ್ತದೆ.) ಕೈಗೆ ಬಂದ ಸಂಬಳದಲ್ಲಿ ತಿಂಗಳು ದೂಡುವವಳು ಸಂಸಾರ ತೂಗಿಸುತ್ತಾಳೆ. ನಿರ್ಧಾರಕ್ಕೆ ಬರುವ ಮುಂಚೆ ಅಳೆದು ತೂಗಿ ನೋಡುತ್ತೇವೆ. ಯಾರು ಏನೇ ಅಂದರೂ ಸುಲಭಕ್ಕೆ ಅಲುಗದವನು ತೂಕದ ಮನುಷ್ಯ. ಇಲ್ಲಿ ನಿಂತು ಗಮನಿಸಿ. ಅಲುಗಿಸಲು ಕಷ್ಟವಾಗುವ ಗುಣಕ್ಕೆ ಭೌತವಿಜ್ಞಾನದ ಹೆಸರು ಜಡತ್ವ, ಅದರ ಅಳತೆ ದ್ರವ್ಯರಾಶಿ. ತೂಕದ ಮನುಷ್ಯನನ್ನು ಚಂದ್ರನ ಮೇಲೆ ನಿಲ್ಲಿಸಿದರೂ ಅವನು ತೂಕದವನೇ. ಗಾದೆ, ಬೈಗುಳ, ಹೊಗಳಿಕೆಗಳಲ್ಲಿ ಕನ್ನಡಿಗರು ಬಳಸುವ ತೂಕ ಎಷ್ಟೋ ಸಲ ಪುಸ್ತಕದ ದ್ರವ್ಯರಾಶಿಯೇ.

ಎರಡು ಕೆಲಸಕ್ಕೆ ಒಂದು ಪದ ಯಾಕೆ? ಗುಟ್ಟೇನಿಲ್ಲ. ಎರಡೂ ನೇತುಹಾಕಿ ಮಾಡುವ ಕೆಲಸ. ನೇತುಹಾಕಿದ್ದು ತೂಗಾಡುತ್ತದೆ, ತಕ್ಕಡಿಯೂ ನಾಲ್ಕು ಸಲ ತೂಗಾಡಿಯೇ ನಿಲ್ಲುವುದು. ಲ್ಯಾಟಿನ್ ಭಾಷೆಯಲ್ಲೂ ಹೀಗೇ ಆಗಿದೆ. ನೇತಾಡುವುದಕ್ಕೂ ತೂಗುವುದಕ್ಕೂ ಅಲ್ಲಿ ಒಂದೇ ಬೇರು. ಗಡಿಯಾರದ ಪೆಂಡುಲಂ, ನಿವೃತ್ತರ ಪೆನ್ಷನ್ ಎರಡೂ ಆ ಬೇರಿನಿಂದ ಬಂದ ಮಾತುಗಳು, ಏಕೆಂದರೆ ಹಿಂದೆ ಹಣ ಕೊಡುವುದೆಂದರೆ ಲೋಹ ತೂಗಿ ಕೊಡುವುದು. ಇಷ್ಟನ್ನೇ ಹಿಡಿದುಕೊಂಡು ‘ನಮ್ಮ ಪೂರ್ವಜರಿಗೆ ನ್ಯೂಟನ್ನನ ನಿಯಮ ಮೊದಲೇ ಗೊತ್ತಿತ್ತು’ ಎಂದು ಭಾಷಣ ಬಿಗಿಯುವವರಿಗೆ ನಾನು ತಲೆದೂಗಲಾರೆ. ಕೈ ಮಾಡುತ್ತಿದ್ದುದನ್ನು ಬಾಯಿ ಹೇಳಿತು, ಅಷ್ಟೆ.

ಈಗ ತಕ್ಕಡಿಯನ್ನೇ ನೋಡೋಣ. ಎರಡು ತಟ್ಟೆ, ನಡುವೆ ಹಿಡಿ. ಒಂದು ಕಡೆ ಬೆಲ್ಲ, ಇನ್ನೊಂದು ಕಡೆ ಬಟ್ಟು. ಭೂಮಿ ಎರಡನ್ನೂ ಎಳೆಯುತ್ತದೆ. ಎಳೆತ ಸಮವಾದಾಗ ದಂಡ ನೆಟ್ಟಗಾಗುತ್ತದೆ. ಈ ತಕ್ಕಡಿಯನ್ನು ಚಂದ್ರನಿಗೆ ಒಯ್ದರೆ ಎರಡೂ ಕಡೆಯ ಎಳೆತ ಒಂದೇ ಪ್ರಮಾಣದಲ್ಲಿ ತಗ್ಗುವುದರಿಂದ ದಂಡ ಅಲ್ಲೂ ನೆಟ್ಟಗೇ ನಿಲ್ಲುತ್ತದೆ. ಅಂದರೆ ಅಂಗಡಿಯ ಶೆಟ್ಟರು ‘ಒಂದು ಕೇಜಿ ತೂಕ’ ಎಂದು ಕೊಟ್ಟದ್ದು ಎಳೆತವನ್ನಲ್ಲ, ದ್ರವ್ಯವನ್ನು. ಅವರು ಕೇಜಿ ಎಂದದ್ದು ಸರಿಯಾಗಿಯೇ ಇದೆ. ಮೊಮ್ಮಗನಿಗೆ ಅಜ್ಜಿ ಕೊಡಬಹುದಾದ ಉತ್ತರ ಇದು.

ಹಂಪಿಯಲ್ಲಿ ವಿಜಯವಿಠ್ಠಲ ದೇವಾಲಯದ ಹತ್ತಿರ ಎರಡು ಕಲ್ಲುಕಂಬಗಳ ಮೇಲೆ ಒಂದು ಕಲ್ಲುತೊಲೆ ನಿಂತಿದೆ, ತೊಲೆಯ ಅಡಿಯಲ್ಲಿ ಮೂರು ಕಲ್ಲುಬಳೆಗಳಿವೆ. ಅರಸರ ತುಲಾಭಾರಕ್ಕೆ ತಕ್ಕಡಿ ಕಟ್ಟುತ್ತಿದ್ದುದು ಅಲ್ಲಿ ಎನ್ನುತ್ತಾರೆ. ಒಂದು ತಟ್ಟೆಯಲ್ಲಿ ರಾಜ, ಇನ್ನೊಂದರಲ್ಲಿ ಚಿನ್ನ. ಅದು ಸ್ಪ್ರಿಂಗಿನ ತಕ್ಕಡಿಯಾಗಿದ್ದರೆ ದಾನ ಪಡೆಯುವವರು ಎಲ್ಲಿ ತೂಗುತ್ತೀರಿ ಎಂದು ಮೊದಲೇ ಕೇಳಿಕೊಳ್ಳಬೇಕಾಗುತ್ತಿತ್ತು. ಸ್ಪ್ರಿಂಗ್ ಬಲ್ಲದ್ದು ಎಳೆತವನ್ನು ಮಾತ್ರ, ಎಳೆತ ಊರಿಂದೂರಿಗೆ ಬೇರೆ. ಇವತ್ತಿನ ಎಲೆಕ್ಟ್ರಾನಿಕ್ ತಕ್ಕಡಿಯೂ ಒಳಗೊಳಗೆ ಸ್ಪ್ರಿಂಗಿನ ಜಾತಿಯದೇ. ಅದರ ಲೋಹದ ತುಂಡು ಭಾರಕ್ಕೆ ಎಷ್ಟು ಬಾಗಿತು ಎಂದು ನೋಡಿ ಅಂಕಿ ತೋರಿಸುತ್ತದೆ. ಬೆಂಗಳೂರಿನಲ್ಲಿ ಸರಿಹೊಂದಿಸಿದ ಅಂಥ ತಕ್ಕಡಿಯನ್ನು ಹಾಗೇ ದೆಹಲಿಗೆ ಒಯ್ದು ಒಂದು ಕಿಲೋ ಇಟ್ಟರೆ ಸುಮಾರು ಒಂದು ಗ್ರಾಂ ಹೆಚ್ಚು ತೋರುತ್ತದೆ. ತೊಗರಿಬೇಳೆಯಲ್ಲಿ ಒಂದು ಗ್ರಾಂ ಯಾರಿಗೆ ಲೆಕ್ಕ, ಚಿನ್ನದಲ್ಲಿ ಲೆಕ್ಕವೇ. ಆದ್ದರಿಂದ ತಕ್ಕಡಿಯನ್ನು ಬಳಸುವ ಊರಲ್ಲೇ ಮೊಹರಿನ ಬಟ್ಟಿಟ್ಟು ಸರಿಮಾಡಿಸಬೇಕು. ಭೂಮಧ್ಯರೇಖೆಗೂ ಧ್ರುವಕ್ಕೂ ಈ ವ್ಯತ್ಯಾಸ ನೂರಕ್ಕೆ ಅರ್ಧದಷ್ಟಾಗುತ್ತದೆ. ಭೂಮಿ ತಿರುಗುತ್ತಿದೆ, ತಿರುಗಿ ತಿರುಗಿ ನಡು ಉಬ್ಬಿದೆ, ಎರಡೂ ಸೇರಿ ನಡುವಿನವರ ತೂಕ ಕಡಿಮೆ.

ಇದು ಮೊದಲು ಗೊತ್ತಾದದ್ದು ತಕ್ಕಡಿಯಿಂದ ಅಲ್ಲ, ತೂಗಾಟದಿಂದ. 1672ರಲ್ಲಿ ಜಾನ್ ರಿಶೆ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನಿಂದ ಲೋಲಕದ ಗಡಿಯಾರ ಹೊತ್ತುಕೊಂಡು ದಕ್ಷಿಣ ಅಮೆರಿಕದ ಕಯೆನ್ ಊರಿಗೆ ಹೋದ. ಭೂಮಧ್ಯರೇಖೆಗೆ ಹತ್ತಿರದ ಆ ಊರಿನಲ್ಲಿ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷ ಹಿಂದೆ ಬೀಳತೊಡಗಿತು. ಲೋಲಕವನ್ನು ಸ್ವಲ್ಪ ಗಿಡ್ಡ ಮಾಡಿದ ಮೇಲೆ ಸರಿಹೋಯಿತು. ಗಡಿಯಾರ ಕೆಟ್ಟಿರಲಿಲ್ಲ, ಅಲ್ಲಿ ಎಳೆತವೇ ಸಡಿಲವಾಗಿತ್ತು. ಎಳೆತ ಸಡಿಲವಾದರೆ ತೂಗಾಟ ನಿಧಾನ. ಎರಡು ಶತಮಾನದ ಬಳಿಕ ಜೇಮ್ಸ್ ಬಸೇವಿ ಎಂಬ ಸರ್ವೆ ಅಧಿಕಾರಿ ಇದೇ ಕೆಲಸಕ್ಕೆ ಲೋಲಕಗಳನ್ನು ಹೊರಿಸಿಕೊಂಡು ಭಾರತದ ದಕ್ಷಿಣ ತುದಿಯಿಂದ ಹಿಮಾಲಯದವರೆಗೆ ಅಲೆದ. ದೇಶವನ್ನೇ ತೂಗುತ್ತಾ ಹೋದ ಎನ್ನಲು ಅಡ್ಡಿಯಿಲ್ಲ. 1871ರಲ್ಲಿ ಲಡಾಖಿನ ಮೋರೆ ಬಯಲಿನಲ್ಲಿ, 15,000 ಅಡಿಗೂ ಮೇಲೆ, ಲೋಲಕ ತೂಗಿದ, ಅದೇ ವರ್ಷ ಕೆಲಸದ ನಡುವೆಯೇ ಸತ್ತ.

ತೊಟ್ಟಿಲಿಗೆ ಬರೋಣ. ಜಂತೆಗೆ ಕಟ್ಟಿದ ತೊಟ್ಟಿಲಲ್ಲಿ ನಾಮಕರಣದ ದಿನ ಮಲಗಿಸಿದ ಕೂಸು ಮೂರು ಕೇಜಿ ಇದ್ದೀತು, ವರ್ಷ ತುಂಬುವಾಗ ಒಂಬತ್ತು. ತೊಟ್ಟಿಲ ತೂಗಾಟ ನಿಧಾನವಾಯಿತೇ? ಇಲ್ಲ. ತೂಗುಬಿಂದುವಿನಿಂದ ಕೂಸಿಗೆ ಎರಡು ಮೀಟರಿದ್ದರೆ ಹೋಗಿ ಬರಲು ಹೆಚ್ಚುಕಡಿಮೆ 2.8 ಸೆಕೆಂಡು, ಕೂಸು ಎಷ್ಟೇ ದಪ್ಪಗಿರಲಿ. ನೂಕುವ ತಾಯಿಯ ಕೈಗೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಭಾರದ ಕೂಸನ್ನು ಭೂಮಿ ಹೆಚ್ಚು ಬಲದಿಂದ ಎಳೆಯುತ್ತದೆ, ನಿಜ. ಆದರೆ ಭಾರದ ಕೂಸು ಅಷ್ಟೇ ಹೆಚ್ಚು ಮೊಂಡು, ಅಲುಗಲು ಒಲ್ಲದು. ಎಳೆತ ಮೂರರಷ್ಟಾದರೆ ಮೊಂಡುತನವೂ ಮೂರರಷ್ಟು. ಒಂದನ್ನೊಂದು ಹೊಡೆದುಹಾಕಿ ಉಳಿಯುವುದು ಹಗ್ಗದ ಉದ್ದ ಮತ್ತು ಊರಿನ ಎಳೆತ.

ಎಳೆತ, ಮೊಂಡುತನ ಎರಡೂ ಯಾಕೆ ಇಷ್ಟು ಕರಾರುವಾಕ್ಕಾಗಿ ಸರಿದೂಗಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ನ್ಯೂಟನ್‌ಗೆ ಸೇಬಿನ ಕತೆ ಅಂಟಿಕೊಂಡಿದೆ. ನನ್ನನ್ನು ಕೇಳಿದರೆ ಅವನ ನಿಜವಾದ ಕತೆ ಎರಡು ಮರದ ಡಬ್ಬಿಗಳದು. ಒಂದೇ ಅಳತೆಯ ದುಂಡು ಡಬ್ಬಿಗಳನ್ನು ಹನ್ನೊಂದು ಅಡಿ ಉದ್ದದ ದಾರಗಳಲ್ಲಿ ಪಕ್ಕಪಕ್ಕ ಇಳಿಬಿಟ್ಟ. ಒಂದರಲ್ಲಿ ಮರ ತುಂಬಿದ, ಇನ್ನೊಂದರಲ್ಲಿ ಅಷ್ಟೇ ತೂಕದ ಚಿನ್ನ ಇಟ್ಟ. ಒಟ್ಟಿಗೆ ಬಿಟ್ಟ. ಜೊತೆಯಾಗಿ ಹೋದವು, ಜೊತೆಯಾಗಿ ಬಂದವು, ಬಹಳ ಹೊತ್ತು ಹಾಗೇ. ಚಿನ್ನ ತೆಗೆದು ಬೆಳ್ಳಿ, ಆಮೇಲೆ ಸೀಸ, ಗಾಜು, ಮರಳು, ಉಪ್ಪು, ನೀರು, ಗೋಧಿ. ಅರ್ಧ ದಿನಸಿ ಅಂಗಡಿಯೇ ದಾರದಲ್ಲಿ ನೇತಾಡಿತು. ಸಾವಿರದಲ್ಲಿ ಒಂದು ಪಾಲು ವ್ಯತ್ಯಾಸವಿದ್ದರೂ ಗೊತ್ತಾಗುತ್ತಿತ್ತು, ಗೊತ್ತಾಗಲಿಲ್ಲ ಎಂದು 1687ರ ಪ್ರಿನ್ಸಿಪಿಯಾದಲ್ಲಿ ಬರೆದ. ತಕ್ಕಡಿಯಲ್ಲಿ ತೂಗಿ ಸಮ ಎಂದದ್ದನ್ನು ದಾರದಲ್ಲಿ ತೂಗಿ ಮತ್ತೊಮ್ಮೆ ಕೇಳಿದ್ದು ಅವನು. ಮೊದಲ ತೂಗು ಎಳೆತದ್ದು, ಎರಡನೆಯ ತೂಗಿನಲ್ಲಿ ಮೊಂಡುತನವೂ ಸೇರಿಕೊಂಡಿತ್ತು. ಇದೇ ಪ್ರಶ್ನೆಯನ್ನು ಫ್ರೆಂಚರ ಮೈಕ್ರೋಸ್ಕೋಪ್ ಉಪಗ್ರಹ 2016ರಲ್ಲಿ ಬಾಹ್ಯಾಕಾಶಕ್ಕೆ ಒಯ್ದಿತು. ಟೈಟಾನಿಯಂ, ಪ್ಲಾಟಿನಂ ಮಿಶ್ರಲೋಹಗಳನ್ನಿಟ್ಟು ಪರೀಕ್ಷಿಸಿದ ಅದರ ಕೊನೆಯ ಫಲಿತಾಂಶ 2022ರಲ್ಲಿ ಬಂತು. ಆಗಲೂ ವ್ಯತ್ಯಾಸ ಸಿಗಲಿಲ್ಲ.

ತೂಗು ಎಂದರೆ ನೇತಾಡು ಎಂಬ ಮೂರನೆಯ ಅರ್ಥದಲ್ಲೂ ಒಂದು ಬಲದ ಪಾಠವಿದೆ. ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದ ಸುಳ್ಯದ ಗಿರೀಶ್ ಭಾರದ್ವಾಜರ ಯಾವುದೇ ಸೇತುವೆಯನ್ನು ನೋಡಿ, ಮೇಲಿನ ಹಗ್ಗ ಜೋಲುಬಿದ್ದಿರುತ್ತದೆ. ಅದು ಸೋಮಾರಿ ಜೋಲಲ್ಲ. ಹಿತ್ತಿಲ ಬಟ್ಟೆಹಗ್ಗದ ನಡುವೆ ಒದ್ದೆ ಕಂಬಳಿ ಹಾಕಿದಿರಿ ಎನ್ನಿ. ಹಗ್ಗ ಎರಡೂ ಕಡೆ ಅಡ್ಡಗೆರೆಯಿಂದ ಹತ್ತು ಡಿಗ್ರಿ ಮಾತ್ರ ಕೆಳಗಿಳಿದಿದ್ದರೆ ಹಗ್ಗದೊಳಗಿನ ಬಿಗಿತ ಕಂಬಳಿಯ ತೂಕದ ಮೂರರಷ್ಟು ಹತ್ತಿರ ಇರುತ್ತದೆ. ಹಗ್ಗದ ಎಳೆತದಲ್ಲಿ ಮೇಲ್ಮುಖದ ಪಾಲಷ್ಟೇ ಕಂಬಳಿಯನ್ನು ಹೊರುವುದು, ಉಳಿದದ್ದು ಅಡ್ಡಡ್ಡ ಜಗ್ಗಾಟ. ಇನ್ನೂ ಬಿಗಿಮಾಡಿದರೆ ಐದರಷ್ಟು, ಹತ್ತರಷ್ಟು. ಗೂಟ ಕೀಳುವುದು ಕಂಬಳಿಯ ಭಾರಕ್ಕಲ್ಲ, ಕಟ್ಟಿದವರ ಹಟಕ್ಕೆ. ಜೋಲಿಗೆ ಜಾಗ ಬಿಟ್ಟರೆ ಹಗ್ಗ ಬಾಳುತ್ತದೆ.

ಇನ್ನು ತೂಕ ಇಲ್ಲದಿರುವುದು. 2025ರ ಜೂನ್‌ನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ‘ಗುರುತ್ವವೇ ಇಲ್ಲದ ಜಾಗ’ ಎಂಬ ಮಾತು ಮತ್ತೆ ಕಿವಿಗೆ ಬಿತ್ತು. ಆ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಬೆಂಗಳೂರಿನಿಂದ ಹುಬ್ಬಳ್ಳಿಯಷ್ಟು ದೂರ. ಅಲ್ಲಿ ಭೂಮಿಯ ಎಳೆತ ನೆಲದ ಮೇಲಿನದರ ಸುಮಾರು ನೂರಕ್ಕೆ ತೊಂಬತ್ತರಷ್ಟು ಇದ್ದೇ ಇದೆ. ಇಲ್ಲದಿರುವುದು ಅಡ್ಡಗಟ್ಟುವ ನೆಲ. ನಿಲ್ದಾಣ, ಅದರ ಗೋಡೆ, ಒಳಗಿನ ಮನುಷ್ಯ, ಕೈಯಲ್ಲಿನ ಚಮಚ ಎಲ್ಲ ಒಟ್ಟಿಗೆ ಬೀಳುತ್ತಿವೆ. ಪಕ್ಕಕ್ಕೆ ಗಂಟೆಗೆ 27,000 ಕಿಲೋಮೀಟರಿಗೂ ಮೀರಿದ ಓಟ ಇರುವುದರಿಂದ ಬೀಳುತ್ತಲೇ ಭೂಮಿಯನ್ನು ಸುತ್ತುತ್ತವೆ. ಕಾಲಡಿಯಲ್ಲಿ ತಕ್ಕಡಿ ಇಟ್ಟರೆ ಅದೂ ಜೊತೆಗೇ ಬೀಳುತ್ತದೆ, ತೋರಿಸುವುದು ಸೊನ್ನೆ. ಅಪಾರ್ಟ್‌ಮೆಂಟಿನ ಲಿಫ್ಟು ಕೆಳಗೆ ಹೊರಟ ಮೊದಲ ಕ್ಷಣದಲ್ಲಿ ಹೊಟ್ಟೆಯಲ್ಲಿ ಜುಂ ಅನ್ನುತ್ತದಲ್ಲ, ಅದರ ಪೂರ್ಣಾವತಾರ.

ಅಲ್ಲಿ ನಿದ್ದೆ ಬಂದವರ ತಲೆಯೂ ಎದೆಗೆ ವಾಲುವುದಿಲ್ಲ, ತೋಳುಗಳು ಮುಂದಕ್ಕೆ ತೇಲುತ್ತವೆ. ನಿದ್ದೆ ಉಂಟು, ತೂಕಡಿಕೆ ಇಲ್ಲ.

ಆದರೆ ವೈದ್ಯರಿಗೆ ಯಾತ್ರಿಕರ ತೂಕ ಬೇಕೇ ಬೇಕು. ತಿಂಗಳುಗಟ್ಟಲೆ ಹಾಗೆ ತೇಲಿದರೆ ಸ್ನಾಯು ಸವೆಯುತ್ತದೆ, ಮೂಳೆ ಸೊರಗುತ್ತದೆ. 1973ರಲ್ಲಿ ಹಾರಿದ ಸ್ಕೈಲ್ಯಾಬ್‌ನಲ್ಲಿ ಇದಕ್ಕೊಂದು ಕುರ್ಚಿ ಇತ್ತು. ಯಾತ್ರಿಕ ಅದರಲ್ಲಿ ಮುದುಡಿ ಕೂತು ಪಟ್ಟಿ ಬಿಗಿದುಕೊಳ್ಳಬೇಕು, ಸ್ಪ್ರಿಂಗ್ ಬಿಟ್ಟೊಡನೆ ಕುರ್ಚಿ ಹಿಂದೆ ಮುಂದೆ ತೂಗುತ್ತದೆ. ಒಂದು ತೂಗಾಟಕ್ಕೆ ಹಿಡಿದ ಕಾಲದಿಂದ ಮೈಯ ದ್ರವ್ಯರಾಶಿ ಲೆಕ್ಕ ಸಿಗುತ್ತದೆ. ತೊಟ್ಟಿಲಿನ ಹಾಗಲ್ಲ ಇದು. ಇಲ್ಲಿ ಎಳೆಯುವುದು ಭೂಮಿಯಲ್ಲ, ಸ್ಪ್ರಿಂಗು. ಕೂತವರು ಯಾರೆಂದು ನೋಡಿ ಸ್ಪ್ರಿಂಗು ತನ್ನ ಎಳೆತ ಹೆಚ್ಚಿಸಿಕೊಳ್ಳದು, ಹಾಗಾಗಿ ಮೊಂಡುತನ ಹೆಚ್ಚಿದಷ್ಟೂ ತೂಗಾಟ ನಿಧಾನ. ದ್ರವ್ಯರಾಶಿ ನಾಲ್ಕರಷ್ಟಾದರೆ ಕಾಲ ಎರಡರಷ್ಟು. ರಷ್ಯನ್ನರು ಈಗಿನ ನಿಲ್ದಾಣದಲ್ಲಿಟ್ಟಿರುವ ಯಂತ್ರವೂ ತೂಗಾಡಿಸಿಯೇ ಅಳೆಯುತ್ತದೆ, ಉತ್ತರವನ್ನು ಕೇಜಿಯಲ್ಲೇ ಕೊಡುತ್ತದೆ.