ಬೇರುಹುಳಕ್ಕೆ ಮಣ್ಣಿನಲ್ಲೇ ಇದ್ದ ಮದ್ದು

ನಾನು ಮಾತಾಡ್ತಿರೋದು ಬೆಂಗಳೂರಿನ ಶ್ರೀಗಂಧದ ಕಾವಲ್‌ನಿಂದ. ಇಲ್ಲೀಗ ಹೆಸರಿನಲ್ಲಷ್ಟೇ ಗಂಧ, ಸುತ್ತ ಕಾಂಕ್ರೀಟು. ಆದರೆ ಮುಂಗಾರು ಬಿದ್ದ ಕೂಡಲೇ ಊರಿಂದ ಅಪ್ಪನ ಫೋನು ಬರುತ್ತೆ: "ಸಂಜೆ ದುಂಬಿ ಏಳ್ತಾ ಇದೆ ಮಾರಾಯ."

ಅಡಿಕೆಯ ಬೇರುಹುಳ, ಕಬ್ಬಿನ ಗೊಣ್ಣೆಹುಳ ಎರಡೂ ಇಂಥ ದುಂಬಿಗಳ ಮರಿಗಳು. ಮಣ್ಣೊಳಗೆ ಕೂತು ಬೇರು ತಿನ್ನುತ್ತವೆ. ಸೋಗೆ ಹಳದಿಯಾದಾಗ ನಮಗೆ ಗೊತ್ತಾಗುತ್ತೆ. ಅಷ್ಟರಲ್ಲಿ ಬೇರು ಹೋಗಿರುತ್ತೆ. ಅಪ್ಪ ಬಿಎಚ್‌ಸಿ ಪುಡಿಯನ್ನು ಬರಿಗೈಲಿ ಎರಚುತ್ತಿದ್ದರು. 1997ರಲ್ಲಿ ಅದು ನಿಷೇಧವಾಯಿತು. ಆಮೇಲೆ ಹಾಕಿದ ಫೋರೇಟ್ ಬಳಕೆಗೂ 2020ರ ಕೊನೆಗೆ ತೆರೆಬಿತ್ತು. ಹಾಗಾದ್ರೆ ರೈತ ಏನು ಮಾಡಬೇಕು?

ಉತ್ತರ ಹುಡುಕಿದವರ ಚರಿತ್ರೆ ಹಳೇದು. 1879ರಲ್ಲಿ ಒಡೆಸ್ಸಾದಲ್ಲಿ ಇಲ್ಯಾ ಮೆಚ್ನಿಕಾಫ್ ಗೋಧಿ ದುಂಬಿಯ ಮರಿಗಳನ್ನು ಕೊಲ್ಲುವ ಹಸಿರು ಶಿಲೀಂಧ್ರವನ್ನು ಗುರುತಿಸಿದರು. ಅದೇ ಇವತ್ತಿನ ಮೆಟರೈಜಿಯಂ. 1929ರ ಹೊತ್ತಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿ, ಜಪಾನಿ ದುಂಬಿಯನ್ನು ಕೊಲ್ಲುವ ಜಂತುವೊಂದು ರುಡಾಲ್ಫ್ ಗ್ಲೇಸರ್ ಕಣ್ಣಿಗೆ ಬಿತ್ತು. ಬೆಂಗಳೂರಿಗೆ 1957ರಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಬಂತು. 1993ರಲ್ಲಿ ಜೈವಿಕ ನಿಯಂತ್ರಣಕ್ಕೇ ಪ್ರತ್ಯೇಕ ನಿರ್ದೇಶನಾಲಯ ಶುರುವಾಯಿತು. ಅದೇ ಈಗ ಹೆಬ್ಬಾಳದ ಎನ್‌ಬಿಎಐಆರ್. ಕೊಯಮತ್ತೂರಿನಲ್ಲಿ ಸಿಕ್ಕು, 1992ರಲ್ಲಿ ಹೊಸ ಪ್ರಭೇದವೆಂದು ದಾಖಲಾದ ಹೆಟೆರೋರಾಬ್ಡೈಟಿಸ್ ಇಂಡಿಕಾ ಎಂಬ ಜಂತುವನ್ನು ಅವರು ಪುಡಿರೂಪಕ್ಕೆ ತಂದರು.

ಕಣ್ಣಿಗೆ ಕಾಣದಷ್ಟು ಸಣ್ಣದು ಈ ಜಂತು. ಹುಳದ ಬಾಯಿಂದಲೋ ಉಸಿರಾಟದ ರಂಧ್ರದಿಂದಲೋ ಒಳಹೊಕ್ಕು, ತನ್ನ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಬಿಡುತ್ತೆ. ಒಂದೆರಡು ದಿನದಲ್ಲಿ ಹುಳ ಸಾಯುತ್ತೆ, ಮೈ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಅದರೊಳಗೇ ಸಾವಿರಾರು ಮರಿಗಳಾಗಿ ಮತ್ತೆ ಮಣ್ಣಿಗಿಳಿಯುತ್ತವೆ.

ಇಷ್ಟೆಲ್ಲ ಓದಿ, ನಾನೇ ಒಂದು ಪೊಟ್ಟಣ ಊರಿಗೆ ಒಯ್ದೆ. ಅಂಗಡಿಯ ಕಿಟಕಿ ಪಕ್ಕ ಬಿಸಿಲಲ್ಲಿ ಇಟ್ಟಿದ್ದ ಮಾಲು. ಮಟಮಟ ಮಧ್ಯಾಹ್ನ, ಒಣ ಮಣ್ಣಿಗೆ ಹಾಕಿದ್ವಿ. ಒಂದು ಹುಳವೂ ಸಾಯಲಿಲ್ಲ. "ನಿನ್ನ ಸೈನ್ಸು ಇಷ್ಟೇನಾ?" ಅಂದರು ಅಪ್ಪ. ತಪ್ಪು ಸೈನ್ಸಿನದಲ್ಲ. ವಿಷದ ಡಬ್ಬಿಯ ಹಾಗೆ ಇದನ್ನು ಎಲ್ಲೆಂದರಲ್ಲಿ ಇಡೋಕಾಗಲ್ಲ, ಒಳಗಿರೋದು ಜೀವ.

ಈಗ ತಯಾರಾದ ದಿನಾಂಕ ನೋಡಿ, ತಂಪಿನಲ್ಲಿಟ್ಟಿದ್ದನ್ನೇ ತರ್ತೀವಿ. ಒದ್ದೆ ಮಣ್ಣಿಗೆ, ಸಂಜೆ ಹೊತ್ತಲ್ಲಿ ಬುಡಕ್ಕೆ ಹೊಯ್ಯುತ್ತೇವೆ. ಜೊತೆಗೆ ಅಪ್ಪ ಇವತ್ತಿಗೂ ಮೊದಲ ಮಳೆಯ ಮುಸ್ಸಂಜೆ ದುಂಬಿ ಹಿಡಿಯುತ್ತಾರೆ. ಕಳೆದ ವರ್ಷ ಬುಡ ಅಗೆದಾಗ ಕೆಂಪಾದ ಹುಳ ಸಿಕ್ಕಿತ್ತು. ಅಪ್ಪ ಅದನ್ನು ಅಂಗೈ ಮೇಲಿಟ್ಟು ನೋಡಿ, ಬಿಸಾಡದೆ ವಾಪಸ್ ಮಣ್ಣಲ್ಲೇ ಮುಚ್ಚಿದರು.