ಹೊದಿಗೆರೆಯ ಗೀತಕಾರ ಎಚ್.ಎಸ್. ವೆಂಕಟೇಶಮೂರ್ತಿ

ಕನ್ನಡ ಭಾವಗೀತೆಗೆ ದಾವಣಗೆರೆ ಜಿಲ್ಲೆ ನೀಡಿದ ಹೆಸರುಗಳಲ್ಲಿ ಎಚ್.ಎಸ್. ವೆಂಕಟೇಶಮೂರ್ತಿ ಅವರದು ಅಗ್ರಗಣ್ಯವಾದುದು. ಕವಿ, ನಾಟಕಕಾರ, ಅನುವಾದಕ, ವಿಮರ್ಶಕ, ಮಕ್ಕಳ ಸಾಹಿತಿ, ಅಧ್ಯಾಪಕ ಎಂದು ಅವರನ್ನು ಹಲವು ಬಗೆಯಲ್ಲಿ ಗುರುತಿಸಬಹುದು. ಆದರೆ ಪುಸ್ತಕವನ್ನು ಕೈಗೆತ್ತಿಕೊಳ್ಳದ ಜನರೂ ಅವರ ಸಾಲುಗಳನ್ನು ಬಲ್ಲರು. ಅದಕ್ಕೆ ಕಾರಣ ಅವರ ಹಾಡುಗಳು. ಗೀತಕಾರರಾಗಿ ಅವರು ಸಾಗಿದ ದಾರಿಯ ಪರಿಚಯ ಇಲ್ಲಿದೆ.

ಹುಟ್ಟೂರು

ವೆಂಕಟೇಶಮೂರ್ತಿಯವರು ಜನಿಸಿದ್ದು 1944ರ ಜೂನ್ 23ರಂದು, ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ. ಆಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೂ, ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದಾಗ ಈ ಮೂರೂ ಅದರಲ್ಲಿ ಸೇರಿದವು. ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ತಾಲ್ಲೂಕಾದದ್ದು ಅದಕ್ಕೂ ಬಹಳ ಈಚೆಗೆ. ಹೀಗಾಗಿ ಹಳೆಯ ಪುಸ್ತಕಗಳಲ್ಲಿ ಅವರನ್ನು ಶಿವಮೊಗ್ಗ ಜಿಲ್ಲೆಯವರೆಂದೂ ಹೊಸ ಪುಸ್ತಕಗಳಲ್ಲಿ ದಾವಣಗೆರೆ ಜಿಲ್ಲೆಯವರೆಂದೂ ಬರೆದಿರುವುದು ಕಂಡುಬರುತ್ತದೆ. ಎರಡೂ ಸರಿಯೇ.

ಹೊದಿಗೆರೆ ಇತಿಹಾಸದಲ್ಲಿಯೂ ಹೆಸರಿರುವ ಊರು. ಶಿವಾಜಿಯ ತಂದೆ ಶಹಾಜಿ ಭೋಂಸ್ಲೆ 1664ರಲ್ಲಿ ಮರಣ ಹೊಂದಿದ್ದು ಇಲ್ಲಿಯೇ. ಆತನ ಸಮಾಧಿ ಇಂದಿಗೂ ಊರಿನಲ್ಲಿದೆ. ಇಂಥ ಊರಿನ ಜನ, ಮನೆ, ಮಾತುಗಳು ವೆಂಕಟೇಶಮೂರ್ತಿಯವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ‘ಅನಾತ್ಮ ಕಥನ’ ಎಂಬ ಅವರ ನೆನಪುಗಳ ಬರಹ ಓದುಗರ ಪ್ರೀತಿಗೆ ಪಾತ್ರವಾಗಿದೆ.

ಅಧ್ಯಾಪನ

ಅವರ ಅಧ್ಯಾಪಕ ವೃತ್ತಿಯ ಆರಂಭದ ವರ್ಷಗಳು ನೆರೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಕಳೆದವು. ‘ತಿರುಕ’ ಎಂಬ ಕಾವ್ಯನಾಮದಿಂದ ಪ್ರಸಿದ್ಧರಾದ ರಾಘವೇಂದ್ರ ಸ್ವಾಮೀಜಿ ಅಲ್ಲಿ ಅನಾಥ ಸೇವಾಶ್ರಮವನ್ನು ಕಟ್ಟಿ, ವಿದ್ಯೆಯ ಜೊತೆಗೆ ಯೋಗ, ನಾಟಕ, ಸಾಹಿತ್ಯಗಳಿಗೂ ಎಡೆ ಮಾಡಿಕೊಟ್ಟಿದ್ದರು. ಮುಂದೆ ಬೆಂಗಳೂರು ಸೇರಿದ ವೆಂಕಟೇಶಮೂರ್ತಿಯವರು 1973ರಿಂದ ಸೇಂಟ್ ಜೋಸೆಫ್ ವಾಣಿಜ್ಯ ಕಾಲೇಜಿನಲ್ಲಿ ಕನ್ನಡ ಬೋಧಿಸಿ 2000ದಲ್ಲಿ ನಿವೃತ್ತರಾದರು. ಕನ್ನಡದ ಕಥನ ಕವನಗಳನ್ನು ಕುರಿತು ಸಂಶೋಧನೆ ನಡೆಸಿ ಪಿಎಚ್.ಡಿ. ಪದವಿ ಪಡೆದರು. ಈ ಸಂಶೋಧನೆಯ ವಿಷಯವನ್ನು ಗಮನದಲ್ಲಿಟ್ಟುಕೊಂಡರೆ ಅವರ ಹಾಡುಗಳ ರೀತಿ ಚೆನ್ನಾಗಿ ಅರ್ಥವಾಗುತ್ತದೆ.

ನವ್ಯದಿಂದ ಗೀತೆಗೆ

ಅವರ ಮೊದಲ ಕವನ ಸಂಕಲನ ‘ಪರಿವೃತ್ತ’ ಪ್ರಕಟವಾದದ್ದು 1968ರಲ್ಲಿ. ಅದು ನವ್ಯಕಾವ್ಯ ಪ್ರಬಲವಾಗಿದ್ದ ಕಾಲ. ಕವಿತೆ ಹಾಡಲಿಕ್ಕಲ್ಲ, ಓದಿ ಚಿಂತಿಸಲಿಕ್ಕೆ ಎಂಬ ನಿಲುವು ಅಂದಿನ ಅನೇಕ ಕವಿಗಳದಾಗಿತ್ತು. ಪ್ರಾಸ, ಪಲ್ಲವಿ, ಮಾಧುರ್ಯಗಳನ್ನು ಸಂಶಯದಿಂದ ನೋಡಲಾಗುತ್ತಿತ್ತು. ಹಾಡಿಗೆ ಒಲಿದ ಕವಿಯನ್ನು ವಿಮರ್ಶಕರು ಹಗುರವಾಗಿ ಕಾಣುವ ಅಪಾಯವೂ ಇತ್ತು.

ಇನ್ನೊಂದು ಕಡೆ ಸುಗಮ ಸಂಗೀತ ಬೆಳೆಯುತ್ತಿತ್ತು. ಪಿ. ಕಾಳಿಂಗರಾಯರು ಹಾಕಿಕೊಟ್ಟ ದಾರಿಯಲ್ಲಿ ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮುಂತಾದವರು ಆಧುನಿಕ ಕವಿಗಳ ರಚನೆಗಳಿಗೆ ರಾಗ ಹಾಕುತ್ತಿದ್ದರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದ ಮೇಲೆ ಕವಿತೆ ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ತಲುಪತೊಡಗಿತು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಬಿ.ಆರ್. ಲಕ್ಷ್ಮಣರಾವ್ ಮೊದಲಾದವರೊಂದಿಗೆ ವೆಂಕಟೇಶಮೂರ್ತಿಯವರೂ ಈ ಹೊಸ ಮಾಧ್ಯಮವನ್ನು ಪ್ರವೇಶಿಸಿದರು. ಗಂಭೀರ ಕಾವ್ಯವನ್ನು ಅವರು ಬಿಡಲಿಲ್ಲ. ಗೀತೆಯನ್ನೂ ಕೀಳೆಂದು ಭಾವಿಸಲಿಲ್ಲ. ಇದು ಅವರ ಸಾಧನೆಯ ಮುಖ್ಯ ಅಂಶ.

ಹಾಡಿನ ಕಟ್ಟು

ಭಾವಗೀತೆಯ ರಚನೆ ಮೇಲುನೋಟಕ್ಕೆ ಸುಲಭವೆನಿಸುತ್ತದೆ. ವಾಸ್ತವವಾಗಿ ಅದರ ಕಟ್ಟುಪಾಡುಗಳು ಬಿಗಿಯಾದವು. ಸಾಮಾನ್ಯವಾಗಿ ಸಂಯೋಜಕರು ಪಲ್ಲವಿಗೆ ಒಂದು ಧಾಟಿಯನ್ನೂ ಚರಣಗಳಿಗೆಲ್ಲ ಸೇರಿ ಮತ್ತೊಂದು ಧಾಟಿಯನ್ನೂ ನಿಯೋಜಿಸುತ್ತಾರೆ. ಆದ್ದರಿಂದ ಪ್ರತಿ ಚರಣದ ಮಾತ್ರೆಗಳ ಎಣಿಕೆ ಹೊಂದಬೇಕು; ಉಸಿರು ತೆಗೆದುಕೊಳ್ಳುವ ಎಡೆಯಲ್ಲಿ ಪದ ತುಂಡಾಗಬಾರದು; ಪಲ್ಲವಿ ಪ್ರತಿ ಸಲ ಮರಳಿ ಬಂದಾಗಲೂ ಅರ್ಥ ಒಂದು ಹೆಜ್ಜೆ ಮುಂದೆ ಹೋಗಬೇಕು. ಕೇಳುಗನಿಗೆ ಹಿಂದಿನ ಪುಟ ತಿರುವಿ ನೋಡುವ ಅವಕಾಶವಿಲ್ಲವಾದ್ದರಿಂದ ಮಾತು ಒಂದೇ ಕೇಳಿಗೆ ತಿಳಿಯಬೇಕು.

ವೆಂಕಟೇಶಮೂರ್ತಿಯವರು ಈ ಚೌಕಟ್ಟಿನೊಳಗೆ ಕಥೆಯನ್ನು ತಂದರು. ರಾಧಾ-ಕೃಷ್ಣರನ್ನು ಕುರಿತ ‘ತೂಗುಮಂಚದಲ್ಲಿ ಕೂತು’, ‘ಲೋಕದ ಕಣ್ಣಿಗೆ ರಾಧೆಯು ಕೂಡ’ ಗೀತೆಗಳಲ್ಲಿ ಒಂದು ಸನ್ನಿವೇಶವಿದೆ, ಪಾತ್ರಗಳಿವೆ. ಬೆಣ್ಣೆ ಕದ್ದಿಲ್ಲವೆಂದು ತಾಯಿಗೆ ಆಣೆ ಮಾಡುವ ಬಾಲಕೃಷ್ಣನ ಗೀತೆಯಂತೂ ಪುಟ್ಟ ನಾಟಕವೇ ಸರಿ. ಕಥನ ಕವನದ ಅಧ್ಯಯನ ಮತ್ತು ನಾಟಕ ರಚನೆಯ ಅನುಭವ ಇಲ್ಲಿ ಒಂದಾಗಿವೆ. ಇಲ್ಲಿನ ರಾಧೆ, ಕೃಷ್ಣ, ಯಶೋದೆಯರು ಪುರಾಣದಿಂದ ಬಂದವರಾದರೂ ಅವರ ಮಾತು ನಮ್ಮ ಮನೆಗಳ ಮಾತು. ಭಕ್ತಿಗೀತೆಯಾಗಿ ಕೇಳುವವರಿಗೂ ಪ್ರೇಮಗೀತೆಯಾಗಿ ಕೇಳುವವರಿಗೂ ಅವು ಒಪ್ಪಿಗೆಯಾಗುವುದು ಇದೇ ಕಾರಣದಿಂದ.

ಚಿತ್ರರಂಗ, ಕಿರುತೆರೆ

ಟಿ.ಎಸ್. ನಾಗಾಭರಣ ನಿರ್ದೇಶನದ ‘ಚಿನ್ನಾರಿ ಮುತ್ತ’ (1993) ಗೀತಕಾರರಾಗಿ ಅವರಿಗೆ ವ್ಯಾಪಕ ಜನಪ್ರಿಯತೆ ತಂದ ಚಿತ್ರ. ಸಿ. ಅಶ್ವತ್ಥ್ ಸಂಗೀತದ ಈ ಚಿತ್ರದ ಗೀತೆಗಳನ್ನು ಆ ಕಾಲದ ಮಕ್ಕಳು ಶಾಲೆಯ ಅಂಗಳಗಳಲ್ಲಿ ಹಾಡಿಕೊಂಡೇ ಬೆಳೆದರು. ಬಾಲನಟ ವಿಜಯ ರಾಘವೇಂದ್ರ ಮುಖ್ಯ ಪಾತ್ರದಲ್ಲಿದ್ದ ಈ ಚಿತ್ರ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಗೂ ಪಾತ್ರವಾಯಿತು. ಟಿ.ಎನ್. ಸೀತಾರಾಂ ಅವರ ‘ಮುಕ್ತ’ ಧಾರಾವಾಹಿಯ ಶೀರ್ಷಿಕೆ ಗೀತೆಯೂ ವೆಂಕಟೇಶಮೂರ್ತಿಯವರದೇ. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ‘ಹಸಿರು ರಿಬ್ಬನ್’ (2018) ಚಿತ್ರವನ್ನು ನಿರ್ದೇಶಿಸಿದರು.

ಗೌರವ ಮತ್ತು ಕೊನೆಯ ದಿನಗಳು

ಕರ್ನಾಟಕ ಸಾಹಿತ್ಯ ಅಕಾಡೆಮಿಯ ಬಹುಮಾನಗಳು ಅವರ ಕೃತಿಗಳಿಗೆ ಸಂದಿವೆ. 2020ರ ಫೆಬ್ರವರಿಯಲ್ಲಿ ಕಲಬುರಗಿಯಲ್ಲಿ ನಡೆದ 85ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ಒಲಿಯಿತು. ಹಾಡುಗಳಿಂದ ಮನೆಮಾತಾದ ಕವಿಯೊಬ್ಬರಿಗೆ ಸಾಹಿತ್ಯಲೋಕದ ಅತ್ಯುನ್ನತ ವೇದಿಕೆ ದೊರೆತದ್ದು, ಗೀತೆಯೂ ಕಾವ್ಯವೇ ಎಂಬ ಮಾತಿಗೆ ಸಿಕ್ಕ ಮನ್ನಣೆಯೂ ಹೌದು. ಬುದ್ಧನ ಜೀವನವನ್ನು ಕುರಿತ ‘ಬುದ್ಧಚರಣ’ ಅವರ ಇಳಿವಯಸ್ಸಿನ ಮಹತ್ವದ ಕಾವ್ಯ. 2025ರ ಮೇ 30ರಂದು, 80ನೇ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ನಿಧನರಾದರು.

ಬರೆದವರ ಹೆಸರು

ತತ್ತ್ವಪದಕಾರರು ತಮ್ಮ ಪದಗಳ ಕೊನೆಗೆ ಅಂಕಿತವನ್ನು ಹಾಕುತ್ತಿದ್ದರು. ಹಾಡು ಯಾರ ಬಾಯಿಗೆ ಹೋದರೂ ಕಟ್ಟಿದವರ ಗುರುತು ಅದರೊಳಗೇ ಇರುತ್ತಿತ್ತು. ಭಾವಗೀತೆಯಲ್ಲಿ ಅಂಕಿತವಿಲ್ಲ. ಬರೆಯುವವರು ಒಬ್ಬರು, ರಾಗ ಹಾಕುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಕೇಳುಗರ ನೆನಪಿನಲ್ಲಿ ಹಾಡಿದ ಕಂಠ ಉಳಿಯುತ್ತದೆ, ಬರೆದ ಕೈ ಮರೆಯಾಗುತ್ತದೆ. ಮೊಬೈಲ್ ಫೋನಿನಲ್ಲಿ ಹಾಡುಗಳ ತುಣುಕುಗಳು ಹರಿದಾಡುವ ಇಂದಿನ ದಿನಗಳಲ್ಲಿ ಈ ಮರೆವು ಇನ್ನಷ್ಟು ಸುಲಭ.

ಹಾಡು ಎಷ್ಟು ಜನರದಾಗುತ್ತದೆಯೋ ಅಷ್ಟರಮಟ್ಟಿಗೆ ಕವಿಯ ಕೈ ತಪ್ಪುತ್ತದೆ. ಅದು ಗೀತಕಾರನ ಗೆಲುವೂ ಹೌದು, ನಷ್ಟವೂ ಹೌದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಶಾಲಾ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಈ ಗೀತೆಗಳನ್ನು ಹಾಡುವಾಗ, ಇದನ್ನು ಬರೆದವರು ನಮ್ಮದೇ ಜಿಲ್ಲೆಯ ಹೊದಿಗೆರೆಯವರು ಎಂಬ ಒಂದು ಮಾತನ್ನು ಮೊದಲಿಗೆ ಹೇಳಿಸಿದರೆ ಸಾಕು. ಅದಕ್ಕೆ ಖರ್ಚಿಲ್ಲ. ಅಂಕಿತವಿಲ್ಲದ ಹಾಡಿಗೆ ಕವಿಯ ಗುರುತು ಮರಳಿ ಬರುತ್ತದೆ.